ಗೋಲಿ ಸೋಡಾ ಬಾಟ್ಲಿಯಲ್ಲಿ ಲಿಬಿಯಾ

ನ್ಯಾಮತಿಯ ತಿಪ್ಪೇಶಪ್ಪ ನಾಲ್ಕು ವರ್ಷ ಲಿಬಿಯಾದ ಮರಳುಗಾಡಿನಲ್ಲಿ ಪೈಪುಗಳಿಗೆ ವೆಲ್ಡಿಂಗ್ ಮಾಡಿ, ಎಂಬತ್ತನಾಲ್ಕರ ಬೇಸಿಗೆಯಲ್ಲಿ ವಾಪಸ್ಸು ಬಂದ. ಬಂದು ನೋಡಿದರೆ, ಅವನು ಲಿಬಿಯಾಕ್ಕೆ ಹೋಗಿದ್ದ ಎಂದು ನಂಬುವ ಒಂದು ನರಪಿಳ್ಳೆಯೂ ಉಳಿದಿರಲಿಲ್ಲ. ಊರವರು ನಂಬದಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಕೈಹಿಡಿದ ಹೆಂಡತಿಯೇ ನಂಬಲಿಲ್ಲ. ಹೊನ್ನೂರಮ್ಮ ಹೊನ್ನಾಳಿಯ ತವರಿನಲ್ಲಿ ಕೂತಿದ್ದಳು. ಅವಳ ಅಪ್ಪ ನಾಗೇಂದ್ರಪ್ಪ ಮಿಲಿಟರಿಯಲ್ಲಿ ಹವಾಲ್ದಾರನಾಗಿ ಪೆನ್ಷನ್ ತಗೊಂಡು ಬಂದವನು. ಬಾಗಿಲಿಗೆ ಅಡ್ಡ ನಿಂತು ಅವನು ಅಳಿಯನಿಗೆ ಒಂದೇ ಮಾತು ಹೇಳಿದ: ನಾಲ್ಕು ವರ್ಷ ಸುಳ್ಳು ಬರೆದವನ ಜೊತೆ ಮಗಳನ್ನು ಕಳಿಸುವುದಿಲ್ಲ.

ಇದಕ್ಕೆಲ್ಲ ಮೂಲ ಜಗಳೂರಿನ ಗಾದ್ರಪ್ಪ ಎಂಬ ಪುಣ್ಯಾತ್ಮ. ದುಬೈ ಆಸೆ ತೋರಿಸಿದ ಏಜೆಂಟನೊಬ್ಬ ಅವನನ್ನು ಬೊಂಬಾಯಿಯಲ್ಲೇ ಬಿಟ್ಟು ಓಡಿಹೋಗಿದ್ದ. ಊರಿಗೆ ಬರಲು ಮುಖವಿಲ್ಲದ ಗಾದ್ರಪ್ಪ ಅಲ್ಲೇ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆದುಕೊಂಡು, ದುಬೈಯಲ್ಲಿ ಬಿಸಿಲು ಭಾರೀ ಎಂದು ವರ್ಷಗಟ್ಟಲೆ ಮನೆಗೆ ಕಾಗದ ಬರೆದ. ಈರುಳ್ಳಿ ಲಾರಿಯ ಹಿಂದೆ ಬೊಂಬಾಯಿಗೆ ಹೋದ ಅವನ ಸ್ವಂತ ಅಣ್ಣನೇ ಆ ಹೋಟೆಲಿಗೆ ಊಟಕ್ಕೆ ನುಗ್ಗಿ, ತಟ್ಟೆ ಎತ್ತಲು ಬಂದ ತಮ್ಮನನ್ನು ನೋಡಿ ಕೈಯಲ್ಲಿದ್ದ ತುತ್ತನ್ನು ಹಾಗೇ ಬಿಟ್ಟನಂತೆ. ಆ ಸುದ್ದಿ ಉಪ್ಪು ಖಾರ ಹಚ್ಚಿಸಿಕೊಂಡು ಜಗಳೂರಿನಿಂದ ಹೊನ್ನಾಳಿಯವರೆಗೆ ಬಸ್ಸಿನಷ್ಟೇ ಬೇಗ ಬಂತು. ಅಲ್ಲಿಂದ ಮುಂದೆ ಪರದೇಶಕ್ಕೆ ಹೋದವರೆಲ್ಲ ಜನರ ಕಣ್ಣಿಗೆ ಗಾದ್ರಪ್ಪನ ತಮ್ಮಂದಿರೇ ಆದರು.

ತಿಪ್ಪೇಶಪ್ಪನ ಗ್ರಹಚಾರ ನೋಡಿ, ಅವನ ವಿರುದ್ಧ ಸಾಕ್ಷಿಗಳು ಸಾಲುಗಟ್ಟಿ ನಿಂತಿದ್ದವು. ಮರಳುಗಾಡಿನ ಕೆಲಸದ ಕ್ಯಾಂಪಿನಿಂದ ಅಂಚೆ ಹೊರಡುವುದೇ ಅಪರೂಪವಾಗಿತ್ತು. ಹಾಗಾಗಿ ರಜೆಗೆ ಹೊರಟವರ ಕೈಗೆ ಎಲ್ಲರೂ ಕಾಗದ ಕೊಡುತ್ತಿದ್ದರು, ಅವರು ವಿಮಾನ ಇಳಿದ ಕೂಡಲೇ ಬೊಂಬಾಯಿಯಲ್ಲಿ ಡಬ್ಬಿಗೆ ಹಾಕುತ್ತಿದ್ದರು. ಹೊನ್ನೂರಮ್ಮನಿಗೆ ಬಂದ ಕಾಗದಗಳ ಮೇಲೆಲ್ಲ ಬೊಂಬಾಯಿಯ ಮುದ್ರೆ. ದುಡ್ಡು ಬರುತ್ತಿದ್ದದ್ದೂ ಅವನನ್ನು ಕಳಿಸಿದ ಏಜೆಂಟನ ಬೊಂಬಾಯಿ ಆಫೀಸಿನಿಂದ. ಇದೆಲ್ಲ ಸಾಲದೆಂಬಂತೆ, ಹೊನ್ನಾಳಿ ಬಸ್ ಸ್ಟ್ಯಾಂಡಿನ ಸೋಡಾ ಅಂಗಡಿಯ ಮುರುಗೇಶಪ್ಪ ಒಮ್ಮೆ ಭಾವಮೈದುನನ ಕಣ್ಣಿನ ಆಪರೇಷನ್ನಿಗೆಂದು ಬೊಂಬಾಯಿಗೆ ಹೋದವನು, ತಿಪ್ಪೇಶಪ್ಪನನ್ನು ಅಲ್ಲಿನ ಬೀದಿಯಲ್ಲಿ ಕಣ್ಣಾರೆ ಕಂಡಿದ್ದ. ಕಂಡದ್ದು ನಿಜವೇ. ವೀಸಾ ಬರಲಿಲ್ಲವೆಂದು ಏಜೆಂಟ ತಿಪ್ಪೇಶಪ್ಪನನ್ನು ಹೊರಡುವ ಮೊದಲು ತಿಂಗಳುಗಟ್ಟಲೆ ಅಲ್ಲಿ ಕೂರಿಸಿದ್ದ. ನಾಚಿಕೆಗೆ ಅವನು ಅದನ್ನು ಮನೆಗೆ ಬರೆದಿರಲಿಲ್ಲ. ಮುರುಗೇಶಪ್ಪನಂಥವನಿಗೆ ಅಷ್ಟು ಸಿಕ್ಕರೆ ಸಾಕಿತ್ತು. ದಿನಾ ಸೋಡಾ ಕುಡಿಯಲು ಬರುವವರಿಗೆಲ್ಲ ಸೋಡಾದ ಜೊತೆ ಈ ಕಥೆಯನ್ನೂ ಕುಡಿಸಿದ. ಕಥೆ ಬಾಯಿಂದ ಬಾಯಿಗೆ ಹೋಗುತ್ತ ಬೊಂಬಾಯಿಯಲ್ಲಿ ಅವನಿಗೊಂದು ಸಂಸಾರವನ್ನೂ ಕಟ್ಟಿಕೊಟ್ಟಿತು.

ತಿಪ್ಪೇಶಪ್ಪ ಪಾಸ್‌ಪೋರ್ಟು ತೋರಿಸಿದ. ಅದರಲ್ಲಿನ ಅರಬ್ಬೀ ಮುದ್ರೆಯನ್ನು ನೋಡಿ ನಾಗೇಂದ್ರಪ್ಪ, ಉರ್ದುವಿನಲ್ಲಿ ಮುದ್ರೆ ಒತ್ತುವವರು ಬೊಂಬಾಯಿಯಲ್ಲಿ ಸಂದಿಗೊಬ್ಬರು ಇದ್ದಾರೆ, ಗಾದ್ರಪ್ಪನ ಹತ್ತಿರವೂ ಪಾಸ್‌ಪೋರ್ಟು ಇತ್ತು ಅಂದ. ವಾಚು ತೋರಿಸಿದ, ಕಂಬಳಿ ತೋರಿಸಿದ. ಅವೂ ಬೊಂಬಾಯಿಯ ಫುಟ್‌ಪಾತಿನ ಮೇಲೆ ಸಿಗುತ್ತವೆ ಅಂದ ಮಾವ. ಚನ್ನಗಿರಿ ಕಡೆಯ ಪಾಪಣ್ಣ ಮಸ್ಕತ್ತಿನಿಂದ ಟು-ಇನ್-ಒನ್ ರೇಡಿಯೋ ತಂದಾಗಲೂ ಜನ ಇದೇ ಮಾತಾಡಿದ್ದರು. ಆದರೆ ಪಾಪಣ್ಣ ಜಾಣ, ಮನೆಮನೆಗೂ ಸೆಂಟು ಹಂಚಿ ಬಾಯಿ ಮುಚ್ಚಿಸಿದ್ದ. ತಿಪ್ಪೇಶಪ್ಪನಿಗೆ ಆ ಬುದ್ಧಿ ಹೊಳೆದಿರಲಿಲ್ಲ.

ಅವನಿಗೆ ಮಾವನ ಕುಹಕ ತಡೆದುಕೊಳ್ಳಲು ಕಷ್ಟವಿರಲಿಲ್ಲ. ಹೆಂಡತಿಯ ಮೌನ ಮಾತ್ರ ಕರುಳು ಹಿಂಡುತ್ತಿತ್ತು. ಮದುವೆಯಾಗಿ ವರ್ಷ ತುಂಬುವುದರೊಳಗೆ ಬಿಟ್ಟು ಹೋಗಿದ್ದ ಹುಡುಗಿ ಅವಳು. ಅವಳಿಗೆ ಹೇಳಬೇಕೆಂದು ನಾಲ್ಕು ವರ್ಷ ಅವನು ಎಷ್ಟೆಷ್ಟೋ ಕೂಡಿಟ್ಟುಕೊಂಡಿದ್ದ: ಮರಳಿನ ಬಿರುಗಾಳಿ ಹೆಂಗೆ ಬರುತ್ತದೆ, ಒಂಟೆ ಹೆಂಗೆ ಮುನಿಸಿಕೊಳ್ಳುತ್ತದೆ, ಟೆಂಟಿನೊಳಗೆ ಮಲಗಿ ಅವಳನ್ನು ನೆನೆದದ್ದು. ಅವನು "ಅಲ್ಲಿ..." ಎಂದು ಶುರು ಮಾಡಿದ ತಕ್ಷಣ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಹಾಗೆ ಅವಳು ಎದ್ದಾಗಲೆಲ್ಲ, ತಾನು ನಿಜಕ್ಕೂ ಹೋಗಿರಲೇ ಇಲ್ಲವೇನೋ ಎಂದು ಅವನಿಗೇ ಅನುಮಾನ ಬರುತ್ತಿತ್ತು.

ಆದರೂ ವಾರಕ್ಕೊಮ್ಮೆ ನ್ಯಾಮತಿಯಿಂದ ಬಸ್ಸು ಹತ್ತಿ ಬಂದು ಮಾವನ ಜಗಲಿಯ ಮೇಲೆ ಕೂರುವುದನ್ನು ಬಿಡಲಿಲ್ಲ. ಆ ಮನೆಯಲ್ಲಿ ಅವನಿಗೆ ಪ್ರೀತಿಯಿಂದ ಒಂದು ಚೊಂಬು ನೀರು ಕೊಡುತ್ತಿದ್ದವಳು ನಾಗೇಂದ್ರಪ್ಪನ ತಾಯಿ ಓಬವ್ವಜ್ಜಿ ಒಬ್ಬಳೇ. ಹಾಗೆ ಕೂತಿದ್ದ ಒಂದು ದಿನ ನಾಗೇಂದ್ರಪ್ಪ ಮೀಸೆ ತಿರುವಿಕೊಂಡು, ಲಿಬಿಯಾದಲ್ಲಿ ಕುಡಿಯಲು ಏನು ಸಿಗುತ್ತಿತ್ತು ಎಂದು ಕೇಳಿದ. ಅದು ಬಲೆ. ಆ ದೇಶದಲ್ಲಿ ಹೆಂಡ ಸಾರಾಯಿ ಪೂರ್ತಿ ಬಂದ್ ಎಂದು ಅವನು ರೇಡಿಯೋದಲ್ಲಿ ಕೇಳಿ ಇಟ್ಟುಕೊಂಡಿದ್ದ. ತಿಪ್ಪೇಶಪ್ಪ ಏನೂ ಸಿಗುತ್ತಿರಲಿಲ್ಲ ಅಂದ, ಆಮೇಲೆ ಸ್ವಲ್ಪ ಹಿಂದೆಮುಂದೆ ನೋಡಿ, ಅದಕ್ಕೇ ಕ್ಯಾಂಪಿನಲ್ಲಿ ನಾವೇ ಬಿಯರು ಮಾಡಿಕೊಳ್ಳುತ್ತಿದ್ದೆವು ಅಂದ.

ನಾಗೇಂದ್ರಪ್ಪ ಗೊಳ್ಳೆಂದು ನಕ್ಕ. ಇಪ್ಪತ್ತು ವರ್ಷ ಮಿಲಿಟರಿ ಕ್ಯಾಂಟೀನಿನಲ್ಲಿ ಬಿಯರು ಕುಡಿದವನ ಮುಂದೆ, ಬಿಯರನ್ನು ಮನೆಯಲ್ಲಿ ಉಪ್ಪಿನಕಾಯಿ ಹಾಕಿದಂತೆ ಮಾಡುತ್ತಾರೆ ಎಂದು ಹೇಳುವ ಧೈರ್ಯವೇ ಎಂದು ಕೇಳಿದ. ತಿಪ್ಪೇಶಪ್ಪ ಬಿಡಲಿಲ್ಲ. ಹ್ಯಾರಿಸ್ ಎಂಬ ಇಂಗ್ಲೆಂಡಿನ ಫೋರ್‌ಮನ್ ಹೇಳಿಕೊಟ್ಟದ್ದು, ಮೊಳಕೆ ಬರಿಸಿದ ಬಾರ್ಲಿಯ ರಸವನ್ನು ಬತ್ತಿಸಿ ತುಂಬಿದ ಡಬ್ಬಿಗಳು ಅಲ್ಲಿನ ದಿನಸಿ ಅಂಗಡಿಯಲ್ಲೇ ರೊಟ್ಟಿಗೆ ಹಚ್ಚಿಕೊಳ್ಳುವ ಸಾಮಾನಿನಂತೆ ಸಿಗುತ್ತಿದ್ದದ್ದು, ಪೊಲೀಸರು ಬಂದರೆ ಡ್ರಮ್ಮಿನ ಮೇಲೆ ಒಗೆಯುವ ಬಟ್ಟೆ ಹೊದಿಸುತ್ತಿದ್ದದ್ದು, ಕೊನೆಗೆ ಹ್ಯಾರಿಸ್‌ಗಿಂತ ತನ್ನ ಕೈಯೇ ಪಳಗಿ ಇಡೀ ಕ್ಯಾಂಪಿಗೆ ತಾನೇ ಮಾಡಿಕೊಡುತ್ತಿದ್ದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದ. ಹೊರಡುವಾಗ ಆ ಮನುಷ್ಯ ಪ್ರೀತಿಗೆ ಎರಡು ಡಬ್ಬಿ ಕೊಟ್ಟಿದ್ದಾನೆ, ಟ್ರಂಕಿನಲ್ಲಿವೆ ಅಂದ. ಡಬ್ಬಿಯೂ ಬೊಂಬಾಯಿಯಲ್ಲಿ ಸಿಗುತ್ತದೆ ಎಂದು ನಾಗೇಂದ್ರಪ್ಪ ಹೇಳಿ ಮುಗಿಸುವಷ್ಟರಲ್ಲಿ ಹೊನ್ನೂರಮ್ಮ ಹೊಸ್ತಿಲಿಗೆ ಬಂದಳು.

"ಡಬ್ಬಿ ಸಿಗಬೋದಪ್ಪ, ಮಾಡೋದನ್ನ ಅಲ್ಲಿ ಯಾರು ಕಲಿಸ್ತಾರೆ?" ಅಂದಳು. "ಬೊಂಬಾಯಾಗೆ ಬೀರು ಅಂಗಡ್ಯಾಗೇ ಸಿಗ್ತತೆ. ಸಿಗೋ ಊರಾಗೆ ಮನ್ಯಾಗೆ ಮಾಡಾಕೆ ಕಲಿಯೋ ಕರ್ಮ ಯಾರಿಗೈತೆ? ಇವ್ರು ಕಲ್ತಿದ್ರೆ ಸಿಗದಿರೋ ಊರಾಗೇ ಕಲ್ತಿರಬೇಕು." ಆಮೇಲೆ, ಅವನು ಬಂದಾಗಿನಿಂದ ಮೊದಲ ಸಲ, ಗಂಡನ ಮುಖ ನೋಡಿ ಹೇಳಿದಳು: "ನನ್ನ ಕಣ್ಣೆದುರಿಗೆ ಮಾಡಿ ತೋರಿಸ್ರಿ. ಆದ್ರೆ ನಾನು ಬರ್ತೀನಿ. ಆಗದಿದ್ರೆ ಈ ಜಗಲಿಗೆ ಇನ್ನ ಬರಬ್ಯಾಡ್ರಿ."

ಹವಾಲ್ದಾರನಿಗೆ ಮಗಳ ಮಾತಿನಲ್ಲಿ ಎಲ್ಲಿಯೂ ಸಂದು ಸಿಗಲಿಲ್ಲ. ಬಿಯರು ಹೌದೋ ಅಲ್ಲವೋ ಎಂಬ ತೀರ್ಪು ಮಾತ್ರ ತನ್ನದು, ತನ್ನ ನಾಲಗೆ ಮಿಲಿಟರಿ ನಾಲಗೆ, ಅದಕ್ಕೆ ಮೋಸ ಮಾಡಲು ಆಗುವುದಿಲ್ಲ ಎಂದು ಒಪ್ಪಿಕೊಂಡ. ತಿಪ್ಪೇಶಪ್ಪ ಅವತ್ತೇ ನ್ಯಾಮತಿಗೆ ಹೋಗಿ, ಸಂಜೆಯ ಬಸ್ಸಿಗೆ ಎರಡು ಡಬ್ಬಿಗಳನ್ನು ಎದೆಗವಚಿಕೊಂಡು ಬಂದ.

ಮೊದಲ ಡಬ್ಬಿಯ ಮುಚ್ಚಳ ಕೊರೆದಾಗ ಮನೆಮಂದಿಯೆಲ್ಲ ಬಗ್ಗಿ ನೋಡಿದರು. ಒಳಗೆ ಕಪ್ಪಗೆ, ಮಂದವಾಗಿ, ಜೋನಿ ಬೆಲ್ಲದಂಥದ್ದು ಇತ್ತು. ಓಬವ್ವಜ್ಜಿ ಬೆರಳು ಅದ್ದಿ ನೆಕ್ಕಿ, ಬೆಲ್ಲವೇನೋ ಒಳ್ಳೆಯದೇ, ಯಾಕೋ ಕಹಿ ಹತ್ತಿದೆ ಅಂದಳು. ಕಹಿಯೇ ಬಿಯರಿನ ಮರ್ಯಾದೆ ಎಂದು ತಿಪ್ಪೇಶಪ್ಪ ತಿಳಿಸಿ ಹೇಳಿದ. ಬಿಸಿನೀರಿಗೆ ಅದನ್ನು ಕರಗಿಸಬೇಕು, ಸಕ್ಕರೆ ಸೇರಿಸಬೇಕು, ಕೈಗೆ ಹಿತವಾಗುವಷ್ಟು ಆರಿದ ಮೇಲೆ ಹ್ಯಾರಿಸ್ ಡಬ್ಬಿಗಳ ಜೊತೆ ಕೊಟ್ಟ ಯೀಸ್ಟಿನ ಪುಡಿ ಉದುರಿಸಬೇಕು, ವಾರದ ಮಟ್ಟಿಗೆ ಮುಚ್ಚಿಡಬೇಕು. ಯೀಸ್ಟು ಅಂದರೇನು ಎಂದು ಅಜ್ಜಿ ಕೇಳಿದಳು. ಮೊಸರಿಗೆ ಹೆಪ್ಪು ಇದ್ದಂತೆ ಅಂದ. ಅಜ್ಜಿಯ ಮುಖ ಅರಳಿತು. ಹೆಪ್ಪಿನ ವಿಷಯ ತನಗೆ ಬಿಡಿ ಎನ್ನುವಂತೆ ಒಳಗೆ ಹೋಗಿ, ಒಂದು ದೊಡ್ಡ ಮಣ್ಣಿನ ಗಡಿಗೆಯನ್ನು ತೊಳೆದು, ಬಿಸಿಲಿಗಿಟ್ಟು, ಬೇವಿನ ಎಲೆಯ ಹೊಗೆ ಹಾಕಿ ಸಿಂಗರಿಸಿ ತಂದಳು. ಮನೆಯ ಅತ್ಯುತ್ತಮ ಗಡಿಗೆ ಅದು, ಯಾರಿಗೂ ಕೊಡುವಂಥದ್ದಲ್ಲ.

ಕ್ಯಾಂಪಿನಲ್ಲಿ ತಿಪ್ಪೇಶಪ್ಪ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮಾತ್ರ ಮಾಡುತ್ತಿದ್ದ. ಅದನ್ನು ಔಷಧಿ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ. ಮಣ್ಣಿನ ಗಡಿಗೆ ನೋಡಿ ಅವನಿಗೆ ಒಳಗೊಳಗೇ ಏನೋ ಚುಚ್ಚಿತು. ಆದರೆ ಆ ಮುದುಕಿ ಎರಡು ಕೈಯಲ್ಲಿ ಗಡಿಗೆ ಹಿಡಿದು ನಿಂತಿದ್ದ ರೀತಿ ನೋಡಿದ ಮೇಲೆ ಬೇಡ ಅನ್ನಲು ಬಾಯಿ ಬರಲಿಲ್ಲ. ಕುದಿಯುವ ನೀರು ಹಾಕಿ ಎರಡು ಸಲ ಗಲಬರಿಸಿದರೆ ಸಾಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಲ್ಲೇ ಎಡವಟ್ಟಾಯಿತು.

ವಾರದ ಮೇಲೆ ಮುಚ್ಚಳ ತೆಗೆದಾಗ ನೊರೆ ಇತ್ತು, ವಾಸನೆಯೂ ಇತ್ತು. ಅದು ಬಿಯರಿನ ವಾಸನೆ ಮಾತ್ರ ಆಗಿರಲಿಲ್ಲ. ನಾಗೇಂದ್ರಪ್ಪ ಒಂದು ಲೋಟ ತುಂಬಿಸಿಕೊಂಡು, ನ್ಯಾಯಾಧೀಶನ ಗತ್ತಿನಲ್ಲಿ ಗುಟುಕರಿಸಿ, ಮುಖವನ್ನು ಹುಣಸೆಹಣ್ಣು ಕಚ್ಚಿದವನಂತೆ ಕಿವುಚಿದ. "ನಮ್ಮ ಎಮ್ಮೆ ಇದಕ್ಕಿಂತ ಚಲೋ ಬೀರು ಕೊಡ್ತತೆ" ಅಂದ. ನೋಡಲು ಸೇರಿದ್ದ ಓಣಿಯವರೆಲ್ಲ ನಕ್ಕರು. ಲೋಟದಲ್ಲಿದ್ದದ್ದು ಹುಳಿ ಮಜ್ಜಿಗೆಯ ಹಾಗಿತ್ತು. ತಿಪ್ಪೇಶಪ್ಪ ತಲೆಯ ಮೇಲೆ ಕೈ ಹೊತ್ತು ಹಿತ್ತಲಿನಲ್ಲಿ ಕೂತ. ಹೊನ್ನೂರಮ್ಮ ಗಡಿಗೆಯನ್ನು ಎತ್ತಿ ತಿಪ್ಪೆಗೆ ಸುರಿದಳು.

ಆಗ ಓಬವ್ವಜ್ಜಿ ಅವನ ಪಕ್ಕದಲ್ಲಿ ಬಂದು ಕೂತು, ಗಡಿಗೆಯದೇನೂ ತಪ್ಪಿಲ್ಲ ಮಗಾ ಎಂದು ಬೆನ್ನು ಸವರಿದಳು. ತನ್ನ ಅತ್ತೆಯ ಕಾಲದಿಂದ ಬಂದ ಗಡಿಗೆ ಅದು. ಅದಕ್ಕೆ ಹಾಲು ಹೊಯ್ದರೆ ಸಾಕು, ಹೆಪ್ಪು ಹಾಕುವುದೇ ಬೇಡ, ತಾನಾಗಿಯೇ ಗಟ್ಟಿ ಮೊಸರಾಗುತ್ತದೆ, ಅಂಥ ಗಡಿಗೆ ಹೊನ್ನಾಳಿಯಲ್ಲಿ ಇನ್ನೊಂದು ಇಲ್ಲ ಎಂದು ಹೆಮ್ಮೆಯಿಂದ ಹೇಳಿದಳು.

ತಿಪ್ಪೇಶಪ್ಪ ಕಣ್ಣು ಪಿಳಿಪಿಳಿ ಬಿಟ್ಟ. ಮಣ್ಣಿನ ಒಂದೊಂದು ರಂಧ್ರದಲ್ಲೂ ಮೊಸರು ಕೂತಿರುವ ಗಡಿಗೆಗೆ ಅವನು ಬಿಯರು ಹೊಯ್ದಿದ್ದ. ಹ್ಯಾರಿಸ್ ಬದುಕಿನಲ್ಲಿ ಕಂಡು ಕೇಳರಿಯದ ತಪ್ಪು ಅದು. ಲಿಬಿಯಾದಲ್ಲಿ ಇಂಥ ಗಡಿಗೆಯೂ ಇರಲಿಲ್ಲ, ಇಂಥ ಅಜ್ಜಿಯೂ ಇರಲಿಲ್ಲ. ಆ ಸಂಕಟದಲ್ಲೂ ಅವನಿಗೆ ನಗು ಬಂತು. ಅಷ್ಟರಲ್ಲಿ ನಾಗೇಂದ್ರಪ್ಪ ಬಂದು, ಏನಾಯಿತಂತೆ ನಿನ್ನ ವಿದ್ಯೆಗೆ ಎಂದು ಕೇಳಿದ. ಗಡಿಗೆಯ ಮಾತು ನಾಲಗೆಯ ತುದಿಗೆ ಬಂತು. ಅಜ್ಜಿಯ ಮುಖ ನೋಡಿ ನುಂಗಿಕೊಂಡ. "ನಂದೇ ತಪ್ಪು ಮಾವ, ಕೈ ಎಡವಿತು" ಅಂದ.

ಹಿತ್ತಲ ಬಾಗಿಲಲ್ಲಿ ಖಾಲಿ ಗಡಿಗೆ ಹಿಡಿದು ನಿಂತಿದ್ದ ಹೊನ್ನೂರಮ್ಮ ಅಜ್ಜಿಯ ಹೆಮ್ಮೆಯನ್ನೂ ಕೇಳಿದ್ದಳು, ಗಂಡ ಮಾತು ನುಂಗಿದ್ದನ್ನೂ ನೋಡಿದ್ದಳು. ಸುಳ್ಳುಗಾರನಾಗಿದ್ದರೆ ಇಂಥ ಒಳ್ಳೆ ನೆಪ ಸಿಕ್ಕಾಗ ಬಿಡುತ್ತಿರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಅವಳು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಇನ್ನೊಂದು ಡಬ್ಬಿ ಇದೆಯಲ್ಲ, ಅದನ್ನೂ ನೋಡಿಬಿಡೋಣ ಎಂದು ಅಪ್ಪನಿಗೆ ಹೇಳಿ, ಗಡಿಗೆ ಅಜ್ಜಿಯ ಮೊಸರಿಗೇ ಇರಲೆಂದು ಅದನ್ನು ವಾಪಸ್ಸು ಅಟ್ಟದ ಕೆಳಗೆ ಇಟ್ಟಳು.

ಮಾರನೆಯ ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಪೇಟೆಗೆ ಹೋಗಿ ಮುಚ್ಚಳದ ಪ್ಲಾಸ್ಟಿಕ್ ಬಕೆಟ್ಟು ತಂದರು, ಹಾಲು ಮೊಸರು ಯಾವತ್ತೂ ಮುಟ್ಟದ ಹೊಚ್ಚ ಹೊಸ ಬಕೆಟ್ಟು. ಈ ಸಲ ಯಜಮಾನಿಕೆ ಹೊನ್ನೂರಮ್ಮನದು. ಚಮಚ, ಸೌಟು, ಲಾಳಿಕೆ ಎಲ್ಲವನ್ನೂ ಹಂಡೆಯಲ್ಲಿ ಹಾಕಿ ಕುದಿಸಿದಳು. ಗಂಡನಿಗೂ ಸೋಪು ಕೊಟ್ಟು ಕೈ ತೊಳೆದುಕೊಂಡು ಬರಲು ಹೇಳಿದಳು. ತಿಪ್ಪೇಶಪ್ಪ ಯೀಸ್ಟನ್ನು ಮೊದಲು ಒಂದು ಲೋಟ ಬೆಚ್ಚನೆಯ ಸಕ್ಕರೆ ನೀರಿಗೆ ಹಾಕಿ, ನೊರೆ ಎದ್ದದ್ದನ್ನು ಅವಳಿಗೆ ತೋರಿಸಿ, ಆಮೇಲೆ ಬಕೆಟ್ಟಿಗೆ ಸುರಿದ. ಮುಚ್ಚಳಕ್ಕೆ ತೂತು ಕೊರೆದು ಸೈಕಲ್ಲಿನ ವಾಲ್ ಟ್ಯೂಬು ತೂರಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಚೊಂಬಿನಲ್ಲಿ ಮುಳುಗಿಸಿದ. ಒಳಗಿನ ಗಾಳಿ ಹೊರಗೆ ಬರಬೇಕು, ಹೊರಗಿನದು ಒಳಗೆ ಹೋಗಬಾರದು. ಯಾರೂ ಹತ್ತಿರ ಬರಬಾರದೆಂದು ಹೊನ್ನೂರಮ್ಮ ಆ ಮೂಲೆಗೆ ತನ್ನ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿದಳು.

ಮೊದಲ ದಿನ ಚೊಂಬು ಸುಮ್ಮನಿತ್ತು. ಮರುದಿನ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದ ಹೊನ್ನೂರಮ್ಮನಿಗೆ ಗುಳುಕ್ ಎಂದು ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಸಂಜೆಯ ಹೊತ್ತಿಗೆ ಚೊಂಬು ಬಿಡುವಿಲ್ಲದೆ ಗುಳುಗುಳು ಅನ್ನತೊಡಗಿತು. ಅವಳು ಹಿಟ್ಟಿನ ಕೈಯಲ್ಲೇ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದಳು. ಬೆಂಕಿಯಿಲ್ಲದೆ ಕುದಿಯುವ ಇದನ್ನು ಗಂಡ ಯಾವುದೋ ದೂರದ ಟೆಂಟಿನಲ್ಲಿ ಹೀಗೇ ಕೂತು ಕೇಳಿರಬೇಕು ಎಂದು ಅವಳಿಗೆ ಅನ್ನಿಸಿತು.

ಇನ್ನು ಬಾಟ್ಲಿಯ ಚಿಂತೆ. ಬಿಯರಿಗೆ ಗ್ಯಾಸು ಬರಬೇಕಾದರೆ ಅದನ್ನು ಚಿಟಿಕೆ ಸಕ್ಕರೆ ಸೇರಿಸಿ ಗಾಳಿಯಾಡದಂತೆ ಬಾಟ್ಲಿಯಲ್ಲಿ ಬಿಗಿಯಬೇಕು. ಕ್ಯಾಂಪಿನಲ್ಲಿ ಮುಚ್ಚಳ ಒತ್ತುವ ಕೈಮಷಿನ್ನು ಇತ್ತು, ಹೊನ್ನಾಳಿಯಲ್ಲಿ ಎಲ್ಲಿಂದ ತರುವುದು? ಬಟ್ಟೆ ಸುತ್ತಿದ ಬಿರಡೆ ನಿಲ್ಲುವುದಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಪ್ಪೇಶಪ್ಪನಿಗೆ ಹೊಳೆದದ್ದು ಗೋಲಿ ಸೋಡಾ ಬಾಟ್ಲಿ. ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುವ ಬಾಟ್ಲಿ. ಗಾಜೂ ದಪ್ಪ, ಒಡೆಯುವುದಿಲ್ಲ. ಅಂಥ ಬಾಟ್ಲಿ ಊರಿನಲ್ಲಿ ಇದ್ದದ್ದು ಒಬ್ಬನ ಹತ್ತಿರ ಮಾತ್ರ, ಅವನೇ ಮುರುಗೇಶಪ್ಪ.

ತನ್ನ ಹೆಸರು ಕೆಡಿಸಿದವನ ಅಂಗಡಿಯ ಮುಂದೆ ಕೈಯೊಡ್ಡಿ ನಿಲ್ಲುವುದು ತಿಪ್ಪೇಶಪ್ಪನಿಗೆ ಬೇವಿನ ಕಷಾಯ ಕುಡಿದಂತಾಯಿತು. ಆದರೂ ಹೋದ, ಬಂದ ಕೆಲಸ ಹೇಳಿದ. ಮುರುಗೇಶಪ್ಪ ಹೊಟ್ಟೆ ಕುಣಿಸಿ ನಕ್ಕ. ಮೂವತ್ತು ವರ್ಷದಿಂದ ಸೋಡಾ ತುಂಬಿಸುತ್ತಿರುವ ತನಗೆ ಗೊತ್ತಿಲ್ಲದ್ದೇ? ಸಿಲಿಂಡರಿನ ಗ್ಯಾಸು ಬಿಟ್ಟು, ಮಷಿನ್ನಿನಲ್ಲಿ ಬಾಟ್ಲಿ ತಲೆಕೆಳಗು ಮಾಡಿ ತಿರುಗಿಸಿದರಷ್ಟೇ ಗೋಲಿ ಕೂರುತ್ತದೆ, ನೀರೋ ಬಿಯರೋ ಸುಮ್ಮನೆ ಸುರಿದರೆ ಗೋಲಿ ಒಳಗೆ ಬಿದ್ದು ಒದ್ದಾಡುತ್ತದೆ ಎಂದು ಸುತ್ತ ನಿಂತ ಡ್ರೈವರು ಕಂಡಕ್ಟರುಗಳಿಗೆಲ್ಲ ಕೇಳುವಂತೆ ಪಾಠ ಮಾಡಿದ. ಹಾಗಾದರೆ ಮಷಿನ್ನು ಮುಟ್ಟದೆ ಗೋಲಿ ಕೂರಿಸಿದರೆ ಏನು ಮಾಡುತ್ತೀರಿ ಎಂದು ತಿಪ್ಪೇಶಪ್ಪ ತಣ್ಣಗೆ ಕೇಳಿದ. ಕೂತರೆ ಇದೇ ಅಂಗಡಿಯ ಮುಂದೆ, ಇದೇ ಜನರ ಎದುರಿಗೆ, ತಾನು ಆಡಿದ್ದೆಲ್ಲ ಸುಳ್ಳು ಎಂದು ಹೇಳುವುದಾಗಿ ಮುರುಗೇಶಪ್ಪ ಜಂಬದಿಂದ ಮಾತು ಕೊಟ್ಟು, ನಾಲ್ಕು ಪೆಟ್ಟಿಗೆ ಖಾಲಿ ಬಾಟ್ಲಿಗಳನ್ನು ಕೊಟ್ಟ.

ಚೊಂಬಿನ ಗುಳುಗುಳು ನಿಂತ ಮೇಲೆ ಚಿಟಿಕೆ ಸಕ್ಕರೆ ಹಾಕಿ ಬಾಟ್ಲಿ ತುಂಬಿಸಿ, ತಲೆಕೆಳಗು ಮಾಡಿದರೆ ಗೋಲಿ ಉರುಳಿ ಬಾಯಿಯ ರಬ್ಬರಿನ ಮೇಲೆ ಕೂರುತ್ತಿತ್ತು. ಸ್ವಲ್ಪ ಸೋರುತ್ತಿತ್ತು, ಆದರೂ ನಿಲ್ಲುತ್ತಿತ್ತು. ಪೆಟ್ಟಿಗೆಗೆ ಭತ್ತದ ಹೊಟ್ಟು ತುಂಬಿ, ಬಾಟ್ಲಿಗಳನ್ನೆಲ್ಲ ಅದರಲ್ಲಿ ಬುಡ ಮೇಲೆ ಮಾಡಿ ನೆಟ್ಟರು. ಒಳಗಿನ ಸಕ್ಕರೆಯನ್ನು ತಿಂದು ಯೀಸ್ಟು ಗ್ಯಾಸು ಬಿಡಬೇಕು, ಆ ಗ್ಯಾಸು ಗೋಲಿಯನ್ನು ಹಿಡಿದುಕೊಳ್ಳಬೇಕು. ಕ್ಯಾಂಪಿನಲ್ಲಿ ಇದನ್ನು ಯಾರೂ ಮಾಡಿರಲಿಲ್ಲ. ತಿಪ್ಪೇಶಪ್ಪನ ವಿದ್ಯೆ ಇಲ್ಲಿಗೆ ಮುಗಿದಿತ್ತು, ಇದು ಬರೀ ಧೈರ್ಯ.

ಮೂರನೆಯ ದಿನ ತಡೆಯಲಾರದೆ ಒಂದು ಬಾಟ್ಲಿಯನ್ನು ಮೆಲ್ಲಗೆ ಎತ್ತಿ ನೆಟ್ಟಗೆ ಮಾಡಿದ. ಗೋಲಿ ಟಣ್ ಎಂದು ಕೆಳಗೆ ಬಿತ್ತು. ಇನ್ನೊಂದು ಎತ್ತಲು ಹೋದವನ ಕೈಯನ್ನು ಹೊನ್ನೂರಮ್ಮ ಹಿಡಿದಳು. "ರೊಟ್ಟಿ ಬೇಯೋ ಮೊದ್ಲೇ ಮಗುಚಾಕೆ ಹೋಗ್ತೀರಲ್ಲ" ಅಂದಳು. ನಾಲ್ಕು ವರ್ಷದ ಮೇಲೆ ಅವಳು ಅವನ ಕೈ ಮುಟ್ಟಿದ್ದು ಅದೇ ಮೊದಲು. ತಿಪ್ಪೇಶಪ್ಪನಿಗೆ ಆ ಮೇಲೆ ಗೋಲಿಯ ನೆನಪೇ ಇರಲಿಲ್ಲ.

ಇನ್ನೂ ಒಂದು ವಾರ ಬಿಟ್ಟು, ಒಂದು ಭಾನುವಾರ ಬೆಳಿಗ್ಗೆ, ಪೆಟ್ಟಿಗೆಗಳನ್ನು ಕೈಗಾಡಿಯ ಮೇಲೆ ಇಟ್ಟುಕೊಂಡು ಮುರುಗೇಶಪ್ಪನ ಅಂಗಡಿಗೆ ಹೊರಟರು. ಮಾತು ಹುಟ್ಟಿದ ಜಾಗದಲ್ಲೇ ತೀರ್ಮಾನವಾಗಲಿ ಎಂದು ಹಟ ಹಿಡಿದವಳು ಹೊನ್ನೂರಮ್ಮ. ಮನೆಯಲ್ಲಿ ಒಂದನ್ನಾದರೂ ಎತ್ತಿ ನೋಡಲು ಅವಳು ಬಿಟ್ಟಿರಲಿಲ್ಲ. ಎದ್ದರೆ ಎಲ್ಲ ಜನರ ಮುಂದೆ ಏಳಲಿ, ಬಿದ್ದರೆ ಎಲ್ಲ ಜನರ ಮುಂದೆ ಬೀಳಲಿ ಎಂಬುದು ಅವಳ ಲೆಕ್ಕ. ನಾಗೇಂದ್ರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದೆ ನಡೆದ. ಓಬವ್ವಜ್ಜಿ, ಪೊಲೀಸರು ಗಿಲೀಸರು ಬಂದರೆ ಇದು ಜೋನಿ ಬೆಲ್ಲದ ಪಾನಕ ಅನ್ನೋಣ ಎಂದು ದಾರಿಯುದ್ದಕ್ಕೂ ಮೊಮ್ಮಗಳಿಗೆ ಹೇಳಿಕೊಡುತ್ತ ಬಂದಳು.

ಅಂಗಡಿಯ ಮುಂದೆ ಜನ ಸೇರಿದ್ದರು. ಮುರುಗೇಶಪ್ಪ ಎರಡೂ ಕೈ ಸೊಂಟಕ್ಕೆ ಕೊಟ್ಟು ನಿಂತಿದ್ದ. ತಿಪ್ಪೇಶಪ್ಪ ಹೊಟ್ಟಿನಿಂದ ಮೊದಲ ಬಾಟ್ಲಿ ಎಳೆದ, ಒರೆಸಿದ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದ. ಗೋಲಿ ಅಲುಗಲಿಲ್ಲ. ಬಾಟ್ಲಿಯನ್ನು ಅಲ್ಲಾಡಿಸಿದ, ಆಗಲೂ ಅಲುಗಲಿಲ್ಲ. ಎರಡನೆಯದನ್ನು ಎತ್ತಿದ, ಮೂರನೆಯದನ್ನು ಎತ್ತಿದ, ಒಂದೊಂದನ್ನೇ ಸಾಲಾಗಿ ಅಂಗಡಿಯ ಕಟ್ಟೆಯ ಮೇಲೆ ನಿಲ್ಲಿಸುತ್ತ ಹೋದ. ಗೋಲಿಗಳೆಲ್ಲ ಬಾಯಿಗೆ ಅಂಟಿಕೊಂಡು ಬಿಸಿಲಿಗೆ ಹೊಳೆಯುತ್ತಿದ್ದವು. ಕಂಡಕ್ಟರನೊಬ್ಬ ಹೊರಡಬೇಕಾದ ಬಸ್ಸಿಗೆ ಸೀಟಿ ಊದುವುದನ್ನು ಮರೆತು ನಿಂತ.

ನಾಗೇಂದ್ರಪ್ಪ ಮುಂದೆ ಬಂದು ಒಂದು ಬಾಟ್ಲಿ ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಗೋಲಿ ಒತ್ತಿದ. ಅದು ಚೀಂಯ್ ಎಂದು ಕೂಗಿ ಒಳಗೆ ಹೋಯಿತು. ಬಿಳಿಯ ನೊರೆ ಉಕ್ಕಿ ಅವನ ಇಸ್ತ್ರಿ ಅಂಗಿಯ ಮೇಲೆ ಸುರಿಯಿತು. ಅವನು ಅದನ್ನು ಲಕ್ಷಿಸಲಿಲ್ಲ. ಒಂದು ಗುಟುಕು ಕುಡಿದ, ಕಣ್ಣು ಮುಚ್ಚಿದ. ಎಲ್ಲರೂ ಅವನ ಮೀಸೆಯನ್ನೇ ನೋಡುತ್ತಿದ್ದರು. ಇನ್ನೊಂದು ಗುಟುಕು ಕುಡಿದ. ಆಮೇಲೆ ಬಾಟ್ಲಿ ಖಾಲಿಯಾಗುವವರೆಗೂ ಬಾಯಿಂದ ಇಳಿಸಲಿಲ್ಲ. ಬಿಯರು ಹೌದು ಎಂದು ತಲೆಯಾಡಿಸಿದ.

ಆಗ ಗುಂಪಿನಲ್ಲಿದ್ದ ಒಬ್ಬ, ದಾವಣಗೆರೆಯಿಂದ ನಾಲ್ಕು ಬಾಟ್ಲಿ ಬಿಯರು ತಂದು ಇದಕ್ಕೆ ಸುರಿದರೆ ಯಾರಿಗೆ ಗೊತ್ತಾಗುತ್ತದೆ ಅಂದ. ಹೊನ್ನೂರಮ್ಮನ ಮುಖ ಬಿಳುಚಿತು. ತಿಪ್ಪೇಶಪ್ಪನಿಗೆ ಉತ್ತರ ಗೊತ್ತಿತ್ತು, ಆದರೆ ಅವನು ಹೇಳಿದರೆ ಕೇಳುವವರು ಯಾರು? ಅವನು ಸುಮ್ಮನೆ ಮುರುಗೇಶಪ್ಪನ ಕಡೆ ನೋಡಿದ. ಜನರೆಲ್ಲ ಅವನ ಕಡೆಯೇ ತಿರುಗಿದರು. ಮುರುಗೇಶಪ್ಪ ಒಂದು ಬಾಟ್ಲಿ ಎತ್ತಿ ಬಿಸಿಲಿಗೆ ಹಿಡಿದ, ಗೋಲಿಯನ್ನು ಉಗುರಿನಿಂದ ತಟ್ಟಿದ, ತಾನೇ ಒಂದನ್ನು ಒಡೆದು ಗ್ಯಾಸಿನ ಜೋರು ನೋಡಿದ. ಅವನ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಮನುಷ್ಯನಿಗೆ ತನ್ನ ಕಸುಬಿನ ಮೇಲೆ ಒಂದು ನಿಯತ್ತು ಇತ್ತು, ಅದನ್ನು ಮೆಚ್ಚಬೇಕು.

"ಸೀಸೆ ಬಿಚ್ಚಿದ ಬೀರನ್ನ ಇದಕ್ಕೆ ಸುರುವಿದ್ರೆ ಗೋಲಿ ಒಂದು ಗಳಿಗೀನೂ ನಿಲ್ಲಂಗಿಲ್ಲ" ಅಂದ. "ನನ್ನ ಮಷಿನ್ನಿಗೆ ಇವ್ರು ಕೈ ಹಚ್ಚಿಲ್ಲ. ಗ್ಯಾಸು ಇದ್ರ ಹೊಟ್ಟ್ಯಾಗೇ ಹುಟ್ಟೈತೆ. ಈ ವಿದ್ಯೆ ನಾನು ಬೊಂಬಾಯಾಗೂ ನೋಡಿಲ್ಲ, ಎಲ್ಲೂ ನೋಡಿಲ್ಲ." ಆಮೇಲೆ ಧ್ವನಿ ಇಳಿಸಿ, ತಾನು ನೋಡಿದ್ದು ಒಂದು, ಆಡಿದ್ದು ಹತ್ತು, ಆಡಿದ್ದೆಲ್ಲ ಸುಳ್ಳು ಎಂದು ಒಪ್ಪಿಕೊಂಡ.

ಹವಾಲ್ದಾರ ನಾಗೇಂದ್ರಪ್ಪ ಅಂಗಿಯ ನೊರೆಯನ್ನು ಈಗ ಒರೆಸಿಕೊಂಡ. ಅಳಿಯನ ಹೆಗಲ ಮೇಲೆ ಕೈ ಹಾಕಿ, ಪೆರೇಡಿನಲ್ಲಿ ಕೂಗುವ ಗಂಟಲಿನಲ್ಲಿ, ಬಸ್ಸಿನೊಳಗೆ ಕೂತವರಿಗೂ ಕೇಳುವಂತೆ ಹೇಳಿದ: "ಕೇಳ್ರಪ್ಪೋ, ನನ್ನಳಿಯ ಲಿಬಿಯಾಕ್ಕೆ ಹೋಗಿದ್ದ." ತಿಪ್ಪೇಶಪ್ಪನ ಕಣ್ಣು ತುಂಬಿ ಬಂತು. ಎಲ್ಲರ ಮುಂದೆ ಅತ್ತುಬಿಟ್ಟ, ಸ್ವಲ್ಪವೂ ನಾಚಿಕೆಯಾಗಲಿಲ್ಲ. ನಾಲ್ಕು ಪೆಟ್ಟಿಗೆ ಬಿಯರು ಆ ಬೆಳಿಗ್ಗೆಯೇ ಖಾಲಿಯಾಯಿತು. ಓಬವ್ವಜ್ಜಿಯೂ ಒಂದು ಗುಟುಕು ಕುಡಿದು, ತನ್ನ ಗಡಿಗೆಯಲ್ಲಿ ಮಾಡಿದ್ದೇ ರುಚಿಯಾಗಿತ್ತು ಅಂದಳು.

ಮಧ್ಯಾಹ್ನ ಅಜ್ಜಿ ಮೊಮ್ಮಗಳನ್ನು ದೇವರ ಮುಂದೆ ಕೂರಿಸಿ, ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಹಾಕಿ ಮಡಿಲು ತುಂಬಿದಳು. ನಾಗೇಂದ್ರಪ್ಪ ತಾನೇ ಮಗಳ ಟ್ರಂಕು ಹೊತ್ತು ಬಸ್ಸಿನ ಮೇಲೆ ಹಾಕಿಸಿದ. ನ್ಯಾಮತಿಯ ಬಸ್ಸು ಊರು ದಾಟಿ ಗದ್ದೆಗಳ ನಡುವೆ ಓಡತೊಡಗಿದಾಗ, ಕಿಟಕಿಯ ಪಕ್ಕ ಕೂತಿದ್ದ ಹೊನ್ನೂರಮ್ಮ ಗಂಡನ ಕಡೆ ತಿರುಗಿದಳು.

"ಈಗ ಹೇಳ್ರಿ" ಅಂದಳು.

ಏನನ್ನು ಹೇಳಲಿ ಎಂದು ಅವನು ಕೇಳಿದ.

"ಅಲ್ಲೀದು. ಮೊದ್ಲಿಂದ ಹೇಳ್ರಿ."

ತಿಪ್ಪೇಶಪ್ಪ ಅವಳ ಕಡೆ ತಿರುಗಿ ಕೂತ. ಇಷ್ಟು ದಿನ ಕೇಳದ ಕಿವಿಗೆ ಹೇಳಲು ಒದ್ದಾಡಿದವನಿಗೆ, ಕೇಳುವ ಕಿವಿ ಸಿಕ್ಕಾಗ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಕೊನೆಗೆ ವಿಮಾನದ ಬಾಗಿಲು ತೆರೆದಾಗ ಮುಖಕ್ಕೆ ಬಡಿದ ಬಿಸಿಗಾಳಿಯಿಂದ ಶುರು ಮಾಡಿದ. ಅವಳು ನಡುನಡುವೆ ಪ್ರಶ್ನೆ ಕೇಳಿದಳು, ನಕ್ಕಳು, ಒಂದು ಕಡೆ ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು. ನ್ಯಾಮತಿ ಬಂತೆಂದು ಕಂಡಕ್ಟರು ಕೂಗಿದಾಗ ಅವನಿನ್ನೂ ಎರಡನೆಯ ವರ್ಷದ ಮರಳಿನ ಬಿರುಗಾಳಿಯಲ್ಲಿದ್ದ. ಟ್ರಂಕು ಇಳಿಸಿಕೊಂಡು ಮನೆಯ ದಾರಿ ಹಿಡಿಯಲು ಹೊರಟವನನ್ನು ಹೊನ್ನೂರಮ್ಮ ತಡೆದಳು. ಮಡಿಲಕ್ಕಿಯನ್ನು ಸೆರಗಿನಲ್ಲಿ ಭದ್ರವಾಗಿ ಹಿಡಿದುಕೊಂಡು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಪಕ್ಕದ ಜಾಗ ತೋರಿಸಿದಳು.

"ಮನಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಕೂತ್ಕೊಳ್ರಿ, ಇನ್ನೂ ಎರಡು ವರ್ಷ ಬಾಕಿ ಐತೆ" ಅಂದಳು.